ನೇತ್ರಾವತಿಯ ಮೇಲೆ ಒಂದು ತಾಸಿನ ದೋಣಿ ವಿಹಾರ: ಬಾಡಿಗೆ ಕೊಟ್ಟು ನಾವು ಕೊಳ್ಳುವುದೇನು?

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲೋ, ಪಕ್ಕದ ಗೌರಿಬಿದನೂರು, ಚಿಂತಾಮಣಿಯಲ್ಲೋ ಹುಟ್ಟಿ ಬೆಳೆದವರಿಗೆ ನದಿ ಅಂದರೆ ಸೇತುವೆ. ಸೇತುವೆಯ ಪಕ್ಕ ಹೆಸರಿನ ಬೋರ್ಡು ಇರುತ್ತದೆ, ಕೆಳಗೆ ಜಾಲಿ ಗಿಡ ಇರುತ್ತದೆ. ಪಾಠದಲ್ಲಿ ಮಾತ್ರ ನಮ್ಮದು ನದಿಗಳ ತವರು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ ಎಲ್ಲವೂ ನಂದಿ ಬೆಟ್ಟದ ಸಾಲಿನಲ್ಲೋ ಅದರ ಆಸುಪಾಸಿನಲ್ಲೋ ಹುಟ್ಟುತ್ತವೆ. ಇಷ್ಟು ನದಿಗಳಿದ್ದೂ ಒಂದರ ಮೇಲೂ ದೋಣಿ ತೇಲುವುದಿಲ್ಲ.

ಹಾಗಾಗಿ ಈ ಕಡೆಯ ಹುಡುಗ ಹುಡುಗಿಯರು ಗೆಳೆಯರ ಜೊತೆ ಮಂಗಳೂರಿಗೆ ಟ್ರಿಪ್ ಹೋದಾಗ ಬೀಚಿನಷ್ಟೇ ಆಸೆಯಿಂದ ಹುಡುಕುವುದು ಹೊಳೆಯ ಮೇಲಿನ ಬೋಟಿಂಗನ್ನು. ಒಂದಷ್ಟು ಜನ ಸೇರಿ ಇಡೀ ಬೋಟನ್ನೇ ಬಾಡಿಗೆಗೆ ಹಿಡಿದು, ಸೂರ್ಯಾಸ್ತದ ಹೊತ್ತಿಗೆ ಅಳಿವೆಬಾಗಿಲಿನ ತನಕ ಹೋಗಿ ಬರುವುದು. ಒಂದು ಕಡೆ ಹಳೆ ಬಂದರು, ಇನ್ನೊಂದು ಕಡೆ ಬೆಂಗ್ರೆ, ಫಲ್ಗುಣಿ ಮತ್ತು ನೇತ್ರಾವತಿ ಎರಡೂ ಸೇರಿ ಸಮುದ್ರಕ್ಕೆ ಇಳಿಯುವ ಜಾಗ. ಚಂದದ ಜಾಗವೇ, ಅದರಲ್ಲಿ ತಕರಾರಿಲ್ಲ. ಆದರೆ ಬಯಲುಸೀಮೆಯಿಂದ ಹೋಗಿ ಆ ದೋಣಿಯಲ್ಲಿ ಕೂತವರಿಗೂ ಆ ನದಿಗೂ ಇರುವ ಸಂಬಂಧ ಬರೀ ಪ್ರವಾಸಿಯದ್ದಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ಜಿಲ್ಲೆಯ ರಾಜಕಾರಣ ನಡೆದಿರುವುದೇ ಆ ನದಿಯ ನೀರಿನ ಹೆಸರಿನಲ್ಲಿ.

ಎತ್ತಿನಹೊಳೆ ಎಲ್ಲಿಗೆ ಹೋಗುತ್ತಿತ್ತು?

ಎತ್ತಿನಹೊಳೆ ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳ. ಅದು ಕುಮಾರಧಾರೆಗೆ ಸೇರುತ್ತದೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ, ನೇತ್ರಾವತಿ ಮಂಗಳೂರಿನಲ್ಲಿ ಕಡಲಿಗೆ. ಎತ್ತಿನಹೊಳೆ ಮತ್ತು ಅದರ ಅಕ್ಕಪಕ್ಕದ ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ, ನೀರನ್ನು ಪಂಪು ಮಾಡಿ ಘಟ್ಟದ ಮೇಲಕ್ಕೆ ಎತ್ತಿ, ಕಾಲುವೆಯಲ್ಲಿ ಪೂರ್ವಕ್ಕೆ ತಿರುಗಿಸುವುದು ಯೋಜನೆ. ಗುರಿ 24.01 ಟಿಎಂಸಿ. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯುವುದಕ್ಕೆ, ಉಳಿದದ್ದು 527 ಕೆರೆಗಳಿಗೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ತುಮಕೂರು ಸೇರಿ ಏಳು ಜಿಲ್ಲೆಗಳ ಹೆಸರು ಅದರಲ್ಲಿದೆ. 2014ರಲ್ಲಿ ಶಂಕುಸ್ಥಾಪನೆಯಾಗುವಾಗ ಅಂದಾಜು 12,912 ಕೋಟಿ ರೂಪಾಯಿ ಇತ್ತು. 2023ರಲ್ಲಿ ಪರಿಷ್ಕೃತ ಅಂದಾಜು 23,251 ಕೋಟಿ ದಾಟಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತದ ಉದ್ಘಾಟನೆಯಾಯಿತು. ಅಂದು ಎತ್ತಿದ ನೀರನ್ನು ತಾತ್ಕಾಲಿಕವಾಗಿ ಬಿಟ್ಟಿದ್ದು ವಾಣಿ ವಿಲಾಸ ಸಾಗರದತ್ತ, ಯಾಕೆಂದರೆ ನಮ್ಮ ಕಡೆ ಬರುವ ಕಾಲುವೆ ಇನ್ನೂ ಪೂರ್ತಿಯಾಗಿರಲಿಲ್ಲ.

ಇದರ ಮಧ್ಯೆ 2016ರಲ್ಲಿ ಏನಾಯಿತು ಅನ್ನೋದನ್ನ ಇವತ್ತು ಇಪ್ಪತ್ತರ ಆಸುಪಾಸಿನಲ್ಲಿರುವ ಓದುಗರು ತಿಳಿದಿರಬೇಕು. ಆ ವರ್ಷದ ಮಾರ್ಚಿನಲ್ಲಿ ಶಾಶ್ವತ ನೀರಾವರಿ ಬೇಕು ಎಂದು ಚಿಕ್ಕಬಳ್ಳಾಪುರ, ಕೋಲಾರದ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟರು, ಲಾಠಿ ಏಟು ತಿಂದರು. ಅದೇ ವರ್ಷ ಮೇ ತಿಂಗಳಲ್ಲಿ ಎತ್ತಿನಹೊಳೆ ಬೇಡ ಎಂದು ದಕ್ಷಿಣ ಕನ್ನಡ ಬಂದ್ ಆಯಿತು. ಎರಡೂ ಕಡೆ ಬೀದಿಗೆ ಬಂದವರು ನೀರಿಲ್ಲದ ಜನರೇ. ಯಾಕೆಂದರೆ ಅದೇ ಬೇಸಿಗೆಯಲ್ಲಿ ಮಂಗಳೂರು ನಗರದಲ್ಲೂ ನಲ್ಲಿ ನೀರಿಗೆ ರೇಷನ್ ಶುರುವಾಗಿತ್ತು.

ತುಂಬಿದ ಹೊಳೆ, ಒಣಗಿದ ನಲ್ಲಿ

ಇದು ದೋಣಿಯಲ್ಲಿ ಕೂತವರಿಗೆ ಅರ್ಥವಾಗದ ಸಂಗತಿ. ಏಪ್ರಿಲ್‌ನಲ್ಲಿ ಹೋದರೂ ಉಳ್ಳಾಲ ಸೇತುವೆಯ ಕೆಳಗೆ ನೇತ್ರಾವತಿ ದಡದಿಂದ ದಡಕ್ಕೆ ತುಂಬಿರುತ್ತದೆ. ಹೀಗಿದ್ದೂ ಊರಿಗೆ ನೀರಿಲ್ಲ ಅಂದರೆ ಹೇಗೆ?

ಉತ್ತರ ಸರಳ: ಆ ಹೊತ್ತಿನಲ್ಲಿ ಅಲ್ಲಿರುವುದು ನದಿಯ ನೀರಲ್ಲ, ಬಹುಪಾಲು ಕಡಲ ನೀರು. ಕರಾವಳಿಯ ನದಿಗಳ ಕೊನೆಯ ಭಾಗದಲ್ಲಿ ನದಿಯ ತಳ ಸಮುದ್ರ ಮಟ್ಟಕ್ಕಿಂತ ಕೆಳಗಿರುತ್ತದೆ. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ, ಇಳಿತದಲ್ಲಿ ವಾಪಸಾಗುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಸಿಹಿನೀರು ಜೋರಾಗಿರುವುದರಿಂದ ಉಪ್ಪನ್ನು ಕಡಲಿಗೇ ತಳ್ಳುತ್ತದೆ. ಮಾರ್ಚ್ ಹೊತ್ತಿಗೆ ಮೇಲಿನ ಹರಿವು ಸೊರಗಿದಾಗ ಉಪ್ಪು ಒಳನಾಡಿಗೆ ಏರುತ್ತಾ ಹೋಗುತ್ತದೆ, ದಡದ ಬಾವಿಗಳ ನೀರು ಸಪ್ಪೆಯಿಂದ ಉಪ್ಪಾಗುತ್ತದೆ. ಅದನ್ನು ತಡೆಯುವುದಕ್ಕೇ ಹರೇಕಳ ಮತ್ತು ಅಡ್ಯಾರ್ ನಡುವೆ ಕಿಂಡಿ ಅಣೆಕಟ್ಟು ಕಟ್ಟಿದ್ದು. ಮಂಗಳೂರು ಕುಡಿಯುವುದು ಅದಕ್ಕೂ ಮೇಲಿನ ತುಂಬೆ ಅಣೆಕಟ್ಟಿನ ನೀರನ್ನು. 2016ರಲ್ಲಿ, 2019ರಲ್ಲಿ, 2023ರಲ್ಲಿ ಆ ಅಣೆಕಟ್ಟಿನ ಮಟ್ಟ ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟರು. ಆಗಲೂ ಕೆಳಗಡೆ ದೋಣಿ ತೇಲುವಷ್ಟು ನೀರಿತ್ತು.

ಇನ್ನೊಂದು ವಿಚಿತ್ರ ನೋಡಿ. ಮಳೆಗಾಲದಲ್ಲಿ ಸೆಳೆತ ಹೆಚ್ಚಿರುವುದರಿಂದ ವಿಹಾರದ ಬೋಟುಗಳು ನಿಲ್ಲುತ್ತವೆ. ಅಂದರೆ ನೇತ್ರಾವತಿ ನಿಜವಾಗಿ ನೇತ್ರಾವತಿಯಾಗಿರುವ ತಿಂಗಳುಗಳಲ್ಲಿ ಪ್ರವಾಸಿಗೆ ಅದು ಸಿಗುವುದೇ ಇಲ್ಲ. ಅವನು ನೋಡಿದ್ದು ಬೇಸಿಗೆಯ ತುಂಬಿದ ಹೊಳೆ. ಊರಿಗೆ ಮರಳಿ, ‘ಅಷ್ಟೊಂದು ನೀರು ಸುಮ್ಮನೆ ಸಮುದ್ರಕ್ಕೆ ಹೋಗ್ತಿದೆ, ಸ್ವಲ್ಪ ಕೊಟ್ಟರೆ ಇವರಿಗೇನು ಗಂಟು ಹೋಗುತ್ತೆ’ ಅಂತಾನೆ. ಈ ಮಾತನ್ನು ನಮ್ಮ ಕಡೆಯ ವೇದಿಕೆಗಳಲ್ಲಿ ರಾಜಕಾರಣಿಗಳು ಎಷ್ಟು ಸಲ ಆಡಿಲ್ಲ!

ಸರ್ಕಾರದ ವಾದ ಇರುವುದು ಬೇರೆ ಥರ, ಅದನ್ನೂ ನ್ಯಾಯವಾಗಿ ಹೇಳಬೇಕು. ನಾವು ಎತ್ತುವುದು ಮಳೆಗಾಲದ ನೀರನ್ನು ಮಾತ್ರ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ, ಎತ್ತಿನಹೊಳೆಯ ಕೊಳ್ಳ ಇಡೀ ನೇತ್ರಾವತಿ ಕೊಳ್ಳದ ಸಣ್ಣ ಭಾಗ ಅನ್ನುವುದು ಆ ವಾದ. ಲೆಕ್ಕದ ಮಟ್ಟಿಗೆ ಇದು ಪೊಳ್ಳಲ್ಲ. ತುಂಬೆಯಲ್ಲಿ ನೀರು ಕಡಿಮೆಯಾದದ್ದಕ್ಕೆಲ್ಲ ಎತ್ತಿನಹೊಳೆಯೇ ಕಾರಣ ಅನ್ನುವವರು ಒಂದನ್ನು ನೆನಪಿಡಬೇಕು: 2016, 2019, 2023ರಲ್ಲಿ ಯೋಜನೆಯ ಪಂಪುಗಳು ಶುರುವೇ ಆಗಿರಲಿಲ್ಲ. ಆದರೆ ಘಟ್ಟದ ಶೋಲಾ ಕಾಡಿಗೆ ಯಂತ್ರ ನುಗ್ಗಿಸಿದ್ದಕ್ಕೆ, ಹಳ್ಳದ ಮೀನಿಗೆ, ಕಡಲಿಗೆ ಹೋಗಬೇಕಾದ ಹೂಳು ಮತ್ತು ಪೋಷಕಾಂಶಕ್ಕೆ ಆ ವಾದದಲ್ಲಿ ಜಾಗವಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಧ್ಯಯನದ ಪ್ರಕಾರ ಆ ಕೊಳ್ಳದಲ್ಲಿ ಸಿಗುವ ಒಟ್ಟು ನೀರೇ 9.55 ಟಿಎಂಸಿ. ಅದು ಸರಿಯಾದರೆ 24 ಟಿಎಂಸಿ ಎಂಬುದು ಕಾಗದದ ನೀರು. ಆಗ ಮೋಸ ಹೋಗುವುದು ಮಂಗಳೂರಿಗಿಂತ ಮೊದಲು ಕಾಲುವೆಯ ಕಟ್ಟಕಡೆಯಲ್ಲಿರುವ ನಾವು. ಏಳು ಜಿಲ್ಲೆ ದಾಟಿ ಬರುವ ಕಾಲುವೆಯಲ್ಲಿ ಕೊನೆಯ ಊರಿಗೆ ಎಷ್ಟು ಉಳಿಯುತ್ತದೆ ಅಂತ ಕೆರೆ ತೂಬಿನ ಸರದಿ ಕಂಡ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ಸಾಬರಮತಿ ಮಾದರಿ

ನದಿಯನ್ನು ಪ್ರವಾಸದ ಸರಕು ಮಾಡುವುದರಲ್ಲಿ ದೇಶಕ್ಕೆಲ್ಲ ಮಾದರಿ ಅಂತ ತೋರಿಸುವುದು ಅಹಮದಾಬಾದನ್ನು. 2023ರ ಜುಲೈನಲ್ಲಿ ಅಲ್ಲಿ ಸಾಬರಮತಿಯ ಮೇಲೆ ರೆಸ್ಟೋರೆಂಟ್ ಇರುವ ಕ್ರೂಸ್ ಬೋಟು ಉದ್ಘಾಟನೆಯಾಯಿತು. ಆ ಬೋಟು ತೇಲುವುದು ಸಾಬರಮತಿಯ ನೀರಿನಲ್ಲಲ್ಲ. ನರ್ಮದಾ ಕಾಲುವೆಯಿಂದ ತಂದ ನೀರನ್ನು ವಾಸಣಾ ಬ್ಯಾರೇಜಿನ ತನಕ ನಿಲ್ಲಿಸಿಕೊಂಡಿದ್ದಾರೆ, ಬ್ಯಾರೇಜಿನ ಕೆಳಗೆ ನಗರದ ಮತ್ತು ಕಾರ್ಖಾನೆಗಳ ಕೊಳೆ ಹರಿಯುತ್ತದೆ. ಆ ಮಾಲಿನ್ಯದ ಬಗ್ಗೆ 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ದೋಣಿಗೆ ಬೇಕಾದ ಆಳ ನಗರದ ನಡುವೆ, ಅದರ ಬೆಲೆ ನಗರದ ಕೆಳಗೆ.

ನಗುವ ಮೊದಲು ನಮ್ಮ ಕೆರೆ ನೋಡಿಕೊಳ್ಳಿ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಇವತ್ತು ತುಂಬಿ ಕಾಣುವುದು ಎಚ್.ಎನ್. ವ್ಯಾಲಿ ಯೋಜನೆಯಿಂದ, ಅಂದರೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರಿನಿಂದ. ದಿನಕ್ಕೆ 210 ದಶಲಕ್ಷ ಲೀಟರ್ ಅದರ ಗುರಿ. ಕೋಲಾರಕ್ಕೆ ಕೆ.ಸಿ. ವ್ಯಾಲಿಯಿಂದ 440. ಎರಡೂ ಕಡೆ ನೀರು ಶುದ್ಧವಾಗುವುದು ಎರಡನೇ ಹಂತದ ತನಕ ಮಾತ್ರ. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದನ್ನು ಇಡೀ ರಾಜ್ಯ ನೋಡಿದೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅಲೆದಿದೆ. ಈ ನೀರಿನಿಂದ ಅಂತರ್ಜಲ ಏರಿದೆ, ಬೋರ್‌ವೆಲ್ ಮರುಜೀವ ಪಡೆದಿವೆ ಅನ್ನುವ ರೈತರೂ ಇದ್ದಾರೆ. ಸಾವಿರ ಅಡಿ ಕೊರೆದು ಸೋತವರು ಹಾಗೆ ಹೇಳಿದರೆ ಅವರನ್ನು ಬೈಯುವ ಅಧಿಕಾರ ನಮಗಿಲ್ಲ. ಆದರೆ ಅಂಥ ಕೆರೆಗಳಲ್ಲಿ ಬೋಟಿಂಗ್ ಮಾಡೋಣ, ಪಾರ್ಕ್ ಮಾಡೋಣ ಎಂಬ ಮಾತು ಯಾರಾದರೂ ತೆಗೆದಾಗ ಮೊದಲ ಪ್ರಶ್ನೆ ಟಿಕೆಟ್ ದರ ಆಗಬಾರದು. ನೀರಿನ ಪರೀಕ್ಷಾ ವರದಿ ಎಲ್ಲಿ ಅಂತ ಕೇಳಬೇಕು.

ಹೊಳೆ ಯಾರದ್ದು?

ಕಾನೂನು ಈ ವಿಷಯದಲ್ಲಿ ಗೊಂದಲವಿಲ್ಲದೆ ಮಾತಾಡುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ನದಿ, ಹಳ್ಳ, ಕೆರೆಗಳು ರಾಜ್ಯ ಸರ್ಕಾರದ ಸ್ವತ್ತು. ಹಾಗಂತ ಸರ್ಕಾರ ಅದನ್ನು ಸೈಟಿನ ಥರ ಮಾರುವಂತಿಲ್ಲ. ಹಿಮಾಚಲದಲ್ಲಿ ಒಂದು ಖಾಸಗಿ ರೆಸಾರ್ಟು ತನ್ನ ಅನುಕೂಲಕ್ಕೆ ಬಿಯಾಸ್ ನದಿಯ ಪಾತ್ರವನ್ನೇ ತಿರುಗಿಸಿದಾಗ, 1996ರ ಡಿಸೆಂಬರಿನಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು: ನದಿಯಂಥವುಗಳಿಗೆ ಸರ್ಕಾರ ಜನರ ಪರವಾಗಿ ಟ್ರಸ್ಟಿ ಮಾತ್ರ. ಆದ್ದರಿಂದ ಬೋಟಿನವರಿಗೆ ಸಿಗುವುದು ನೀರಿನ ಮೇಲೆ ಓಡಾಡುವ ಪರವಾನಗಿಯೇ ಹೊರತು ನದಿಯ ಮೇಲಿನ ಹಕ್ಕಲ್ಲ. ದಡದಲ್ಲಿ ಗೇಟು ಹಾಕಿ ಮೀನುಗಾರರನ್ನು ತಡೆಯುವ ಅಧಿಕಾರ ಜೆಟ್ಟಿಯ ಗುತ್ತಿಗೆ ಹಿಡಿದವರಿಗೆ ಇಲ್ಲ.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿತು. ನೇತ್ರಾವತಿ 74ನೆಯದು, ಗುರುಪುರ ಅಂದರೆ ಫಲ್ಗುಣಿ 43ನೆಯದು. ಪಟ್ಟಿಯಲ್ಲಿ ಹೆಸರಿದ್ದರೂ, ಇದೇ ನೇತ್ರಾವತಿಯ ನಡುವಿನ ಪಾವೂರು ಉಳಿಯ ಕುದ್ರುವಿನ ಕುಟುಂಬಗಳಿಗೆ ದಡ ಸೇರಲು ದೋಣಿಯೇ ಗತಿಯಾಗಿತ್ತು. ಬೇಸಿಗೆಯಲ್ಲಿ ಅವರೇ ಸೇರಿ ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಳ್ಳುತ್ತಿದ್ದರು. ಸುತ್ತ ಅಕ್ರಮವಾಗಿ ಮರಳು ತೆಗೆದು ಕುದ್ರುವೇ ಕರಗುತ್ತಿದೆ ಎಂದು ಅವರು ಪ್ರತಿಭಟಿಸಿದ್ದಾರೆ. ಪ್ರವಾಸಿಗೆ ಸೂರ್ಯಾಸ್ತ ತೋರಿಸಲು ನಾವು ಮಾಡುವಷ್ಟು ಖರ್ಚನ್ನು, ಶಾಲೆಗೆ ಹೋಗುವ ಮಗುವನ್ನು ದಾಟಿಸುವ ದೋಣಿಗೆ ಮಾಡಿದ್ದೇವಾ? ನದಿ ಪ್ರವಾಸೋದ್ಯಮದ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ಹತ್ತುವ ಮೊದಲು

ಸುರಕ್ಷತೆಯ ಮಾತು ಬಂದಾಗ ಲೈಫ್ ಜಾಕೆಟ್ ಹಾಕಿಕೊಳ್ಳಿ ಅಂತ ಉಪದೇಶ ಮಾಡಿ ಮುಗಿಸುವುದು ವಾಡಿಕೆ. ಆದರೆ ಅವಘಡಗಳು ಹೇಳುವ ಕಥೆ ಬೇರೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿದ್ದು ಮೀನುಗಾರಿಕೆಯ ದೋಣಿಯನ್ನು ಬದಲಾಯಿಸಿ ವಿಹಾರಕ್ಕೆ ಇಳಿಸಿದ ಬೋಟು. ಕತ್ತಲಾದ ಮೇಲೆ, ಮಿತಿ ಮೀರಿ ಜನ ತುಂಬಿಕೊಂಡು ಹೊರಟಿತ್ತು. 22 ಜನ ಸತ್ತರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಅದು ಪಾಲಿಕೆಯ ಕೆರೆ, ನಡೆಸುತ್ತಿದ್ದದ್ದು ಖಾಸಗಿ ಗುತ್ತಿಗೆದಾರ. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಈ ಯಾವುದರಲ್ಲೂ ಪ್ರಯಾಣಿಕರ ಅಜಾಗರೂಕತೆ ಮುಖ್ಯ ಕಾರಣ ಅಲ್ಲ.

1917ರ ಹಳೆಯ ಕಾನೂನನ್ನು ತೆಗೆದು 2021ರಲ್ಲಿ ತಂದ ಒಳನಾಡು ಹಡಗುಗಳ ಕಾಯ್ದೆ ಯಂತ್ರದ ಬೋಟಿಗೆ ನೋಂದಣಿ, ತಪಾಸಣೆ, ಚಾಲಕರ ಅರ್ಹತಾ ಪತ್ರ, ವಿಮೆ ಎಲ್ಲವನ್ನೂ ಕಡ್ಡಾಯ ಮಾಡಿದೆ. ಎಷ್ಟು ಜನ ಹತ್ತಬಹುದು ಅನ್ನುವುದೂ ತಪಾಸಣೆಯಲ್ಲೇ ತೀರ್ಮಾನವಾಗುವ ಸಂಗತಿ, ಬೋಟಿನವರ ಇಷ್ಟವಲ್ಲ. ಇಡೀ ಬೋಟನ್ನು ಬಾಡಿಗೆಗೆ ಹಿಡಿದಾಗ ತೊಡಕು ಇನ್ನೂ ಜಾಸ್ತಿ. ದುಡ್ಡು ತಲೆಗಿಷ್ಟು ಅಂತಲ್ಲದೆ ಒಟ್ಟಿಗೆ ಕೊಡುವುದರಿಂದ ‘ಇನ್ನಿಬ್ಬರನ್ನು ಹತ್ತಿಸ್ಕೊಳ್ಳೋಣ ಬಿಡಿ ಅಣ್ಣಾ’ ಅನ್ನುವವರು ನಾವೇ ಆಗಿರುತ್ತೇವೆ. ಬೋಟಿನ ಮೇಲೆ ನೋಂದಣಿ ಸಂಖ್ಯೆ ಮತ್ತು ಜನರ ಮಿತಿ ಬರೆದಿದೆಯಾ ನೋಡಿ. ತಪಾಸಣಾ ಪತ್ರದ ದಿನಾಂಕ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಇಳಿದುಬಿಡಿ.

ಬೇಕಾದರೆ ಇದನ್ನು ಮನೆಯಲ್ಲೇ ಕೂತು ಮಾಡಬಹುದು. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ, ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯನ್ನು ಕೇಳಿ: ನೇತ್ರಾವತಿ, ಫಲ್ಗುಣಿಯಲ್ಲಿ ವಿಹಾರಕ್ಕೆ ನೋಂದಾಯಿಸಿದ ಬೋಟುಗಳೆಷ್ಟು, ಪ್ರತಿಯೊಂದರ ಕೊನೆಯ ತಪಾಸಣೆ ಯಾವಾಗ ಆಯಿತು. ಅದೇ ದಿನ ಇನ್ನೊಂದು ಅರ್ಜಿ ವಿಶ್ವೇಶ್ವರಯ್ಯ ಜಲ ನಿಗಮಕ್ಕೆ: ಎತ್ತಿನಹೊಳೆಯಿಂದ ಕಳೆದ ಮಳೆಗಾಲದಲ್ಲಿ ನಿಜವಾಗಿ ಎತ್ತಿದ ನೀರೆಷ್ಟು, ಶಿಡ್ಲಘಟ್ಟ ತಾಲ್ಲೂಕಿನ ಯಾವ ಯಾವ ಕೆರೆಗಳು 527ರ ಪಟ್ಟಿಯಲ್ಲಿವೆ. ಉತ್ತರ ಕೊಡಲು ಅವರಿಗೆ ಕಾನೂನು ಕೊಟ್ಟಿರುವ ಗಡುವು 30 ದಿನ.