ಮತ್ತಿನಿಂದ ಎದ್ದ ಮಗು ತಾಯಿಯನ್ನೇ ಗುರುತಿಸದಿದ್ದರೆ

ವೆರ್ಣಾದ ಅಂಗಳಗಳಲ್ಲಿ ಭತ್ತ ಬೇಯಿಸುವ ದಿನಗಳು ಬಂದವೆಂದರೆ ನಮಗೆ ಒಂದು ಅಂಜಿಕೆ. ಹಂಡೆ ಕುದಿಯುತ್ತಿರುತ್ತದೆ, ಮಕ್ಕಳು ಸುತ್ತಲೇ ಓಡಾಡುತ್ತಿರುತ್ತಾರೆ. ಬಿಸಿನೀರು ಬಿದ್ದ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಬೇಕು, ಅರಿಶಿನ, ಶಾಯಿ, ಟೂತ್‌ಪೇಸ್ಟ್ ಹಚ್ಚಬಾರದು ಎಂಬುದನ್ನು ಬಲ್ಲವರೇ ನೀವು. ಇಂದು ಹೇಳಬೇಕಾದ್ದು ಆಸ್ಪತ್ರೆಯೊಳಗಿನ ಮಾತು.

ಗಾಯ ಆಳವಾಗಿದ್ದರೆ ಬಾಂಬೋಲಿಮ್‌ನ ಗೋವಾ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಯಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು, ತೊಡೆಯ ಚರ್ಮ ತೆಗೆದು ಗಾಯಕ್ಕೆ ಕೂರಿಸುತ್ತಾರೆ. ಅದು ಮುಗಿದು ಮಗು ಏಳುವ ಹೊತ್ತು ಕಠಿಣ. ಹಿಂದೊಮ್ಮೆ ನಾವು ಒಬ್ಬ ತಾಯಿಯ ಜತೆಗಿದ್ದೆವು. ನಾಲ್ಕು ವರ್ಷದ ಹುಡುಗ ಕಣ್ಣು ಬಿಟ್ಟವನೇ ಕಿರುಚಿದ, ಒದ್ದ, ಅಮ್ಮನ ಕೈಯನ್ನೇ ತಳ್ಳಿದ. ನೋಟ ಎಲ್ಲೋ ಇತ್ತು. ಮತ್ತಿನ ಮದ್ದು ತಲೆ ಕೆಡಿಸಿತೆಂದು ಆಕೆ ಅತ್ತರು. ದೃಷ್ಟಿ ತಾಗಿದೆ ಎಂದರು ಪಕ್ಕದವರು. ಅರ್ಧ ಗಂಟೆಯೊಳಗೆ ಹುಡುಗ ಅಮ್ಮನನ್ನು ಕರೆದು ನೀರು ಕೇಳಿದ. ಕಿರುಚಿದ್ದು ಅವನಿಗೆ ನೆನಪೇ ಇರಲಿಲ್ಲ.

ಇದು ಹುಚ್ಚೂ ಅಲ್ಲ, ಹಟವೂ ಅಲ್ಲ. 1961ರಲ್ಲೇ ಅಮೆರಿಕದ ವೈದ್ಯ ಎಕೆನ್‌ಹಾಫ್ ಮತ್ತು ಸಂಗಡಿಗರು ಇದರ ಬಗ್ಗೆ ಬರೆದಿದ್ದಾರೆ. ಎರಡರಿಂದ ಐದು ವರ್ಷದವರಲ್ಲಿ, ಅದರಲ್ಲೂ ಸೆವೋಫ್ಲುರೇನ್ ಎಂಬ ಉಸಿರಿನ ಮೂಲಕ ಕೊಡುವ ಮದ್ದಿನ ನಂತರ, ಇದು ಹೆಚ್ಚು. ಕಣ್ಣು ತೆರೆದಿದ್ದರೂ ಅರಿವು ಇನ್ನೂ ಪೂರ್ತಿ ಮರಳಿರುವುದಿಲ್ಲ. ಮೊದಲೇ ಹೆದರಿದ್ದ ಮಗುವಿಗೆ ಇನ್ನೂ ಜಾಸ್ತಿ. ಹಾಗಾಗಿ ‘ಸೂಜಿ ಚುಚ್ಚಿಸ್ತೀನಿ’ ಎಂದು ಮನೆಯಲ್ಲಿ ಗದರಿಸುವ ಅಭ್ಯಾಸ ಬಿಡಿ. ನಾವೆಲ್ಲ ಅದನ್ನೇ ಕೇಳಿ ಬೆಳೆದವರು, ನಿಜ.

ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಆದರೆ ಆ ಕೆಲವು ನಿಮಿಷಗಳಲ್ಲಿ ಮಗು ಸಲೈನ್ ನಳಿಗೆ ಕಿತ್ತರೆ, ಪಟ್ಟಿ ಎಳೆದರೆ, ಹೊಸದಾಗಿ ನೆಟ್ಟ ಸಸಿಯಂತೆ ಇನ್ನೂ ಬೇರೂರದ ಚರ್ಮ ಜರುಗಿ ಮತ್ತೆ ಶಸ್ತ್ರಕ್ರಿಯೆ ಬೇಕಾದೀತು. ನರ್ಸ್ ಹೇಳಿದಂತೆ ಕೈಕಾಲನ್ನು ಮೆಲ್ಲಗೆ ಹಿಡಿಯಿರಿ, ಒಬ್ಬರೇ ಮಾತಾಡಿ, ಗದರಬೇಡಿ. ನೋವೋ ಉಸಿರಿನ ತೊಂದರೆಯೋ ಇದೆಯೇ ಎಂದು ನೋಡುವುದು ವೈದ್ಯರ ಕೆಲಸ. ಅವರನ್ನು ಕರೆಯಲು ಸಂಕೋಚ ಬೇಡ.

ಸುಟ್ಟ ಮಕ್ಕಳಿಗೆ ಅರಿವಳಿಕೆ ಒಂದೇ ಸಲಕ್ಕೆ ಮುಗಿಯದಿರಬಹುದು. ಆ ತಾಯಿ ಎರಡನೆಯ ಸಲ ಬೇಡವೇ ಬೇಡವೆಂದರು. ಹಾಗೆ ಬಿಟ್ಟರೆ ಕೈ ಸೊಟ್ಟಗೆ ಸೆಟೆದು ನಿಲ್ಲಬಹುದು. ಹಿಂದಿನ ಸಲ ಹೀಗಾಯಿತೆಂದು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಪ್ರೊಪೋಫಾಲ್, ಡೆಕ್ಸ್‌ಮೆಡಿಟೊಮಿಡಿನ್‌ನಂಥ ಮದ್ದು ಬಳಸಿ ಏಳುವುದನ್ನು ಶಾಂತವಾಗಿಸಲು ಯತ್ನಿಸುತ್ತಾರೆ. ಅಜ್ಜಿಯರಿಗೆ ಒಂದು ಮಾತು: ಉಪವಾಸ ಎಂದಿದ್ದರೆ ಕದ್ದು ಗಂಜಿ ಕುಡಿಸಬೇಡಿ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.