ಮುಖದಲ್ಲಿ ನಗು ಕಾಣದಿದ್ದರೆ ಅದು ಗತ್ತಲ್ಲ, ಮದ್ದಿನ ಅಡ್ಡ ಪರಿಣಾಮವೂ ಆಗಿರಬಹುದು

ಮದುವೆ ಮನೆಯಲ್ಲಿ ಒಬ್ಬ ಯುವಕನಿಗೆ ಸಲಾಂ ಹೇಳುತ್ತೀರಿ. ಅವನು ಸಲಾಂ ಮರಳಿಸುತ್ತಾನೆ, ಆದರೆ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. "ಎಂಥ ಗತ್ತು ಮಾರಾಯ ಇವನದ್ದು" ಎಂದು ಒಬ್ಬರು, "ಜಿನ್ನ್ ಬಾಧೆ ಇರಬೇಕು" ಎಂದು ಇನ್ನೊಬ್ಬರು. ಅವನು ದಿನಾ ನುಂಗುವ ಮಾತ್ರೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಏನಾಗುತ್ತದೆ?

ಕಣ್ಣು ಮಿಟುಕಿಸುವುದು, ಕೈಬೀಸಿ ನಡೆಯುವುದು, ನಗುವುದು ಸರಾಗವಾಗಿ ಆಗಬೇಕಾದರೆ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡಬೇಕು. ಸ್ಕಿಜೋಫ್ರೇನಿಯಾದಂತಹ ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಮುಂತಾದ ಮದ್ದುಗಳು ಈ ಡೋಪಮೈನ್‌ನ ಕೆಲಸವನ್ನು ತಡೆಯುತ್ತವೆ. ಭ್ರಮೆ, ಸಂಶಯ ಕಡಿಮೆಯಾಗಲು ಅದು ನೆರವಾಗುತ್ತದೆ. ಆದರೆ ಕೆಲವರಲ್ಲಿ ಮುಖದ ಚಲನೆಯೂ ಕಡಿಮೆಯಾಗಿ, ಮುಖವಾಡ ಹಾಕಿದಂತೆ ಕಾಣುತ್ತದೆ. ಒಳಗೆ ಸಂತೋಷ ಇದ್ದರೂ ಹೊರಗೆ ತೋರುವುದಿಲ್ಲ.

ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್‌ನಿಂದಲೂ ಹೀಗಾಗಬಹುದು. ವಯಸ್ಸಾದವರು ಇವನ್ನು ಬಹಳ ದಿನ ನುಂಗಿದರೆ ಅಪಾಯ ಹೆಚ್ಚು.

ಗುರುತಿಸುವುದು ಹೇಗೆ?

ಮದ್ದು ಶುರು ಮಾಡಿದ ಅಥವಾ ಡೋಸ್ ಹೆಚ್ಚಿಸಿದ ಕೆಲವು ವಾರ, ತಿಂಗಳುಗಳಲ್ಲಿ ಬದಲಾವಣೆ ಕಂಡಿತೇ? ನಡಿಗೆ ನಿಧಾನ, ಕೈ ನಡುಕ, ಜೊಲ್ಲು ಸುರಿಯುವುದು, ಸಣ್ಣ ಸ್ವರ ಇದೆಯೇ? ಬರೆದಿಡಿ. ಖಿನ್ನತೆ, ಮೂಲ ಕಾಯಿಲೆ ಅಥವಾ ಪಾರ್ಕಿನ್ಸನ್ಸ್‌ನಿಂದಲೂ ಮುಖ ಭಾವಹೀನವಾಗಬಹುದು. ಯಾವುದು ಎಂದು ಡಾಕ್ಟರೇ ಹೇಳಬೇಕು. ಆದರೆ ಮುಖದ ಒಂದೇ ಬದಿ ಇದ್ದಕ್ಕಿದ್ದಂತೆ ಜೋತುಬಿದ್ದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತ್ರೆ ನೀವೇ ನಿಲ್ಲಿಸಬೇಡಿ

ದಿಢೀರ್ ನಿಲ್ಲಿಸಿದರೆ ಹಳೆಯ ಕಾಯಿಲೆ ಮತ್ತೆ ಕೆರಳಬಹುದು. ಡಾಕ್ಟರ್ ಡೋಸ್ ಇಳಿಸಬಹುದು, ಬೇರೆ ಮದ್ದಿಗೆ ಬದಲಿಸಬಹುದು, ಕೆಲವೊಮ್ಮೆ ಜೊತೆಗೆ ಇನ್ನೊಂದು ಮಾತ್ರೆ ಕೊಡಬಹುದು. ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಸುಧಾರಿಸುತ್ತದೆ.

ಕಾಸರಗೋಡು, ಮಂಜೇಶ್ವರ, ಉಪ್ಪಳದಿಂದ ಮಂಗಳೂರಿಗೆ ಹೋಗಿ ಒಮ್ಮೆ ತೋರಿಸಿ, ಮತ್ತೆ ತಿಂಗಳುಗಟ್ಟಲೆ ಹಳೆ ಚೀಟಿಯಲ್ಲೇ ಮದ್ದು ತರುವವರಿದ್ದಾರೆ. ಅಡ್ಡ ಪರಿಣಾಮ ಗೊತ್ತಾಗದೆ ಉಳಿಯುವುದು ಹೀಗೆಯೇ. ಉಪವಾಸದ ತಿಂಗಳಲ್ಲಿ ಮಾತ್ರೆಯ ಹೊತ್ತು ಬದಲಿಸುವುದಿದ್ದರೂ ಮೊದಲೇ ಡಾಕ್ಟರರನ್ನು ಕೇಳಿ. ಸಲಹೆ ಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡ, ಮಲಯಾಳಂ ಎರಡರಲ್ಲೂ ಮಾತಾಡಬಹುದು.

ನಾವೇನು ಮಾಡಬಹುದು?

ಮದ್ದು ತೆಗೆದುಕೊಳ್ಳುವವರು ಹತ್ತಿರದವರಿಗೆ ಬಾಯಿಬಿಟ್ಟು ಹೇಳಿ: "ಮುಖದಲ್ಲಿ ಕಾಣದಿದ್ದರೂ ನನಗೆ ಖುಷಿಯಾಗಿದೆ." ಮನೆಯವರು "ನಗು, ನಗು" ಎಂದು ಪೀಡಿಸಬೇಡಿ. ದುಆ ಮಾಡಿ, ಆದರೆ ಚಿಕಿತ್ಸೆ ಬಿಡಿಸಬೇಡಿ.

ಮುಗುಳ್ನಗುವೂ ಸದಕಾ ಎಂದು ಮದ್ರಸದಲ್ಲಿ ಕಲಿತವರು ನಾವು. ನಗಲು ಆಗದ ಸಹೋದರನಿಗೆ ಆ ಸದಕಾ ಮೊದಲು ನಮ್ಮ ಕಡೆಯಿಂದಲೇ ಹೋಗಲಿ.