ಶಿಶುವಿನ ಶಿರಸ್ತ್ರಾಣ ಮತ್ತು ವಿಮೆಯ ಕಾಲಗಣನೆ

ಪಡವಲದ ಚಪ್ಪರವನ್ನು ಕಂಡವರಿಗೆ ಎಳೆಯ ಕಾಯಿಗಳ ತುದಿಯಲ್ಲಿ ತೂಗುವ ಸಣ್ಣ ಕಲ್ಲುಗಳ ನೆನಪಿರಬಹುದು. ಕಲ್ಲು ಕಾಯಿಯನ್ನು ಬೆಳೆಸುವುದಿಲ್ಲ. ಬೆಳೆಯುವ ಕಾಯಿಗೆ ದಿಕ್ಕನ್ನು ಮಾತ್ರ ತೋರುತ್ತದೆ. ಬಲಿತು ಸೊಟ್ಟಗಾದ ಕಾಯಿಗೆ ಅದನ್ನೇ ಕಟ್ಟಿದರೆ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಕೆಲವು ಶಿಶುಗಳ ತಲೆಗೆ ತೊಡಿಸುವ ಶಿರಸ್ತ್ರಾಣದ ತತ್ತ್ವವೂ ಇದೇ. ಅದರ ವೆಚ್ಚವನ್ನು ವಿಮಾ ಕಂಪನಿಯಿಂದ ಪಡೆಯಲು ತಂದೆತಾಯಿಗಳು ಪಡುವ ಪಾಡಿನ ಮೂಲವೂ ಇದರಲ್ಲಿಯೇ ಅಡಗಿದೆ.

ಶಿಶುವಿನ ತಲೆಬುರುಡೆ ಒಂದೇ ಗಟ್ಟಿ ಚಿಪ್ಪಲ್ಲ. ಅದರ ತೆಳುವಾದ ಫಲಕಗಳು ಮೆತ್ತನೆಯ ಸಂಧಿಗಳಿಂದ ಕೂಡಿಕೊಂಡಿರುತ್ತವೆ. ಬಹುಕಾಲ ಒಂದೇ ಮಗ್ಗುಲಿಗೆ ತಲೆಯಿಟ್ಟು ಮಲಗಿದರೆ ಆ ಭಾಗ ಚಪ್ಪಟೆಯಾಗುವುದು ಸಹಜ. ನಿದ್ರೆಯಲ್ಲಿ ಶಿಶುಗಳಿಗೆ ಒದಗುವ ಹಠಾತ್ ಮರಣವನ್ನು ತಡೆಯಲೆಂದು, ಅವುಗಳನ್ನು ಬೋರಲಾಗಿ ಮಲಗಿಸಬಾರದೆಂದು 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಸಲಹೆಯಿತ್ತಿತು. ಮುಂದಿನ ವರ್ಷಗಳಲ್ಲಿ ಅಂಥ ಮರಣಗಳು ಸುಮಾರು ಅರ್ಧಕ್ಕೆ ಇಳಿದವು. ಚಪ್ಪಟೆ ತಲೆಯ ಶಿಶುಗಳ ಸಂಖ್ಯೆ ಏರಿತು. ಈ ವಿನಿಮಯದಲ್ಲಿ ನಷ್ಟವಾಯಿತೆಂದು ಯಾರೂ ಹೇಳಲಾರರು. (ತಲೆ ದುಂಡಗಾಗಲೆಂದು ನಮ್ಮ ಮನೆಗಳಲ್ಲಿ ಇಡುವ ಸಾಸಿವೆ ದಿಂಬನ್ನು, ಶಿಶುವಿನ ಹಾಸಿಗೆಯಲ್ಲಿ ಯಾವ ದಿಂಬೂ ಕೂಡದೆನ್ನುವ ಆ ವೈದ್ಯರು ಒಪ್ಪುವುದಿಲ್ಲ.)

ಶಿರಸ್ತ್ರಾಣವು ತಲೆಯನ್ನು ಹಿಂಡುತ್ತದೆಂಬ ಭಾವನೆ ತಪ್ಪು. ಉಬ್ಬಿದ ಭಾಗಕ್ಕೆ ತಾಗಿ ನಿಂತು, ಚಪ್ಪಟೆಯಾದ ಕಡೆ ತೆರಪು ಬಿಡುವಂತೆ ಅದನ್ನು ಪ್ರತಿ ಶಿಶುವಿನ ಅಳತೆಗೂ ಬೇರೆಯಾಗಿ ಮಾಡುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 23 ಗಂಟೆ ತೊಡಿಸಬೇಕು. ಬೆಳೆಯುವ ಮಿದುಳು ಒಳಗಿನಿಂದ ಒತ್ತಿದಾಗ ಬುರುಡೆಯು ತೆರಪಿದ್ದ ಕಡೆಗೆ ಹಿಗ್ಗುತ್ತದೆ.

ಹಾಗಾದರೆ ಬೆಳವಣಿಗೆ ಎಷ್ಟು? ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರು. ಮೊದಲ 3 ತಿಂಗಳು ಅದು ತಿಂಗಳಿಗೆ ಸುಮಾರು 2 ಸೆಂಟಿಮೀಟರು, ಮುಂದಿನ 3 ತಿಂಗಳು 1 ಸೆಂಟಿಮೀಟರು, ಅನಂತರ ವರ್ಷ ತುಂಬುವವರೆಗೆ ಕೇವಲ ಅರ್ಧ ಸೆಂಟಿಮೀಟರಿನಂತೆ ಬೆಳೆಯುತ್ತದೆ. ಸುತ್ತಳತೆಯನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ ದೊರೆಯುವುದಷ್ಟೆ. ತಲೆಯನ್ನು ಗೋಳವೆಂದೇ ಭಾವಿಸಿದರೆ, ಐದನೆಯ ತಿಂಗಳಲ್ಲಿ ತ್ರಿಜ್ಯವು 1.6 ಮಿಲಿಮೀಟರು ಹೆಚ್ಚುತ್ತದೆ. ಎಂಟನೆಯ ತಿಂಗಳಲ್ಲಿ 0.8 ಮಾತ್ರ. ಶಿರಸ್ತ್ರಾಣಕ್ಕೆ ದೊರೆಯುವ ಬಂಡವಾಳ ಇಷ್ಟೇ.

ಈಗ ವಿಮೆಯ ಮಾತು. ಸಂಧಿಗಳು ಅಕಾಲದಲ್ಲಿ ಬೆಸೆದುಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದ ಶಿಶುವಿಗೆ ಸಾಮಾನ್ಯವಾಗಿ ಹಣ ದೊರೆಯುತ್ತದೆ. ಮಲಗುವ ಭಂಗಿಯಿಂದ ಚಪ್ಪಟೆಯಾದ ತಲೆಯ ವಿಷಯದಲ್ಲಿ ಮಾತ್ರ ಪಾಲಿಸಿಯಿಂದ ಪಾಲಿಸಿಗೆ ನಿಯಮ ಬೇರೆ. ಇದು ಚಿಕಿತ್ಸೆಯ ಅಗತ್ಯವಲ್ಲ, ಅಂದದ ವಿಷಯ ಎಂದು ನಿರಾಕರಿಸುವವರುಂಟು. ತಲೆಯ ಎರಡು ಕರ್ಣಗಳ ವ್ಯತ್ಯಾಸವೆಷ್ಟು, ಭಂಗಿ ಬದಲಿಸಿ ನೋಡಿದ ದಾಖಲೆಯೆಲ್ಲಿ ಎಂದು ಕೇಳುವವರುಂಟು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1998ರಲ್ಲಿ, 3ರಿಂದ 18 ತಿಂಗಳ ಶಿಶುಗಳಿಗಾಗಿ, ಈ ಉಪಕರಣಕ್ಕೆ ಅನುಮತಿಯಿತ್ತಿದೆ. ಆದರೆ ಮಾರಲು ಅನುಮತಿ ಬೇರೆ, ಹಣ ತೆರುವ ಹೊಣೆ ಬೇರೆ.

ನಿರಾಕರಣೆಯೆಲ್ಲ ಜಿಪುಣತನವೆನ್ನುವುದೂ ನ್ಯಾಯವಲ್ಲ. 2014ರಲ್ಲಿ ಪ್ರಕಟವಾದ ನೆದರ್ಲೆಂಡಿನ ಪ್ರಯೋಗವೊಂದರಲ್ಲಿ 84 ಶಿಶುಗಳ ಪೈಕಿ ಅರ್ಧಕ್ಕೆ ಆರು ತಿಂಗಳ ಶಿರಸ್ತ್ರಾಣ ಗೊತ್ತುಮಾಡಿ, ಉಳಿದವನ್ನು ಹಾಗೆಯೇ ಬಿಟ್ಟರು. ಎರಡು ವರ್ಷ ತುಂಬಿದಾಗ ಪೂರ್ಣವಾಗಿ ಸರಿಹೋದವು ಶೇಕಡಾ 26 ಮತ್ತು 23, ಗಣ್ಯವಾದ ಅಂತರವಿಲ್ಲ. ಆದರೆ ಕತ್ತಿನ ಸ್ನಾಯು ಬಿಗಿದ ಶಿಶುಗಳು ಆ ಪ್ರಯೋಗದಲ್ಲಿ ಇರಲಿಲ್ಲ. ಭಂಗಿ ಬದಲಿಸಿದರೂ ಸರಿಹೋಗದ ತೀವ್ರ ವಿಕಾರಕ್ಕೆ ಶಿರಸ್ತ್ರಾಣ ಯೋಗ್ಯವೆಂದು 2016ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಮಾರ್ಗಸೂಚಿಯು ಹೇಳಿತು. ಕಂಪನಿ ಮೊದಲನೆಯದನ್ನು ಓದುತ್ತದೆ, ತಾಯಿ ಎರಡನೆಯದನ್ನು.

ಅಲ್ಲಿಯ 2010ರ ಆರೋಗ್ಯ ಕಾನೂನಿನ ಮೇರೆಗೆ ಮೇಲ್ಮನವಿಗೆ ಅವಕಾಶವಿದೆ. ಇನ್ನೂ ಆರಂಭವಾಗದ ಚಿಕಿತ್ಸೆಯ ಬಗ್ಗೆ ಕಂಪನಿಯು 30 ದಿನಗಳಲ್ಲಿ ಉತ್ತರಿಸಬೇಕು. ಅದೂ ನಿರಾಕರಣೆಯಾದರೆ ಹೊರಗಿನ ಸ್ವತಂತ್ರ ಪರಿಶೀಲಕರು 45 ದಿನಗಳಲ್ಲಿ ತೀರ್ಪು ಕೊಡುತ್ತಾರೆ. ಅದಕ್ಕೆ ಕಂಪನಿ ಬದ್ಧ. ಒಟ್ಟು 75 ದಿನ. ಐದು ತಿಂಗಳಲ್ಲಿ ಅರ್ಜಿ ಹಾಕಿದ ಶಿಶುವಿಗೆ, ಗೆದ್ದರೂ, ಏಳೂವರೆ ತಿಂಗಳಾಗಿರುತ್ತದೆ. ಬೆಳವಣಿಗೆಯ ವೇಗ ಆಗಲೇ ಅರ್ಧಕ್ಕೆ ಇಳಿದಿರುತ್ತದೆ. ಮೇಲ್ಮನವಿ ಸಲ್ಲಿಸಲು 180 ದಿನಗಳ ಗಡುವಿದೆಯೆಂದು ನಿಶ್ಚಿಂತೆಯಿಂದಿರುವ ತಂದೆತಾಯಿಗಳು ಈ ಲೆಕ್ಕವನ್ನು ಮರೆತವರೇ ಸರಿ. ವಿಳಂಬದಿಂದ ಸುಧಾರಣೆಯ ಅವಕಾಶವೇ ಕೈತಪ್ಪಬಹುದೆಂದು ವೈದ್ಯರು ಬರೆದುಕೊಟ್ಟರೆ, 72 ಗಂಟೆಗಳಲ್ಲಿ ಮುಗಿಯುವ ತ್ವರಿತ ಪರಿಶೀಲನೆಯನ್ನು ಕೋರಬಹುದು. ಆ ಪತ್ರದೊಡನೆ ತಾರೀಖು ಸಹಿತವಾದ ತಲೆಯ ಅಳತೆಗಳಿರುವುದು ಮೇಲು. ಒಂದೇ ಅಳತೆಯಲ್ಲ, ಕೆಲವು ವಾರಗಳ ಅಂತರದ ಎರಡಾದರೂ.